ಮೂರನೆಯ ಅನಿಲ

ಭುವನೇಶ್ವರಿ ಹೂಗಾರ ಹನ್ನೊಂದು ವರ್ಷ ಬೇರೆಯವರ ಬಾಯಿಯ ವಾಸನೆಗೆ ಅಂಕ ಕೊಡುವ ಕೆಲಸ ಮಾಡಿದಳು.

ಗದಗಿನ ಹೊರವಲಯದಲ್ಲಿದ್ದ ಒಂದು ಖಾಸಗಿ ಸಂಶೋಧನಾಲಯದ ಎರಡನೆಯ ಮಹಡಿಯಲ್ಲಿ ಅವಳ ಕೋಣೆ. ನಡುವೆ ಬಿಳಿ ಪರದೆ, ಪರದೆಯಲ್ಲಿ ಹೆಬ್ಬೆರಳು ತೂರುವಷ್ಟು ತೂತು, ಅದರೊಳಗೊಂದು ಗಾಜಿನ ನಳಿಗೆ. ಆಚೆ ಕೂತವರು ಒಂದು ನಿಮಿಷ ಬಾಯಿ ಮುಚ್ಚಿಕೊಂಡಿದ್ದು, ಆಮೇಲೆ ನಳಿಗೆಯೊಳಗೆ ಮೆಲ್ಲಗೆ ಉಸಿರು ಬಿಡಬೇಕು. ಈಚೆ ಕೂತ ಭುವನೇಶ್ವರಿ ಮೂಸಿ, ಸೊನ್ನೆಯಿಂದ ಐದರವರೆಗೆ ಒಂದು ಅಂಕೆ ಬರೆಯಬೇಕು. ಏನೂ ಇಲ್ಲದಿದ್ದರೆ ಸೊನ್ನೆ, ಇದೆಯೋ ಇಲ್ಲವೋ ಅನ್ನಿಸಿದರೆ ಒಂದು, ಮುಖ ಹಿಂದೆ ಸರಿಸದೆ ಇರಲಾಗದಿದ್ದರೆ ಐದು. ಕೆಲಸದ ಹಿಂದಿನ ದಿನ ಬಳ್ಳೊಳ್ಳಿ, ಉಳ್ಳಾಗಡ್ಡಿ ತಿನ್ನುವಂತಿಲ್ಲ. ಕಾಫಿ ಕುಡಿಯುವಂತಿಲ್ಲ, ಪೌಡರು ಹಚ್ಚುವಂತಿಲ್ಲ. ಹೂವಿನ ವ್ಯಾಪಾರದ ಮನೆಯಲ್ಲಿ ಹುಟ್ಟಿದವಳು ಕೆಲಸದ ದಿನ ಒಂದು ಎಸಳು ಮಲ್ಲಿಗೆಯನ್ನೂ ಮುಡಿಯುತ್ತಿರಲಿಲ್ಲ.

"ಹೂವಿನೋರು ನೀವು, ಅತ್ತರಿನೋರು ನಾವು. ಇಬ್ಬರೂ ಕೂಡಿ ಊರಿನ ಬಾಯಿ ಮೂಸಾಕತ್ತೀವಿ ನೋಡ್ರಿ ಭುವನಕ್ಕ," ಎಂದು ಡಾ. ಶಹನಾಜ್ ಅತ್ತಾರ ನಗುತ್ತಿದ್ದರು. ಸಂಶೋಧನಾಲಯದ ಮುಖ್ಯಸ್ಥೆ ಅವರೇ. ಭುವನೇಶ್ವರಿ ಬರೆದ ಅಂಕೆಗಳನ್ನು ಇಟ್ಟುಕೊಂಡು ಅವರು ಒಂದು ಯಂತ್ರಕ್ಕೆ ಪಾಠ ಹೇಳುತ್ತಿದ್ದರು. ನಾಲಿಗೆಯ ಹಿಂಭಾಗದಲ್ಲಿ, ಒಸಡಿನ ಸಂದಿಯಲ್ಲಿ ಸೂಕ್ಷ್ಮಜೀವಿಗಳು ಅಂಟಿಕೊಂಡ ಅನ್ನವನ್ನು ಕೊಳೆಸಿದಾಗ ಎರಡು ಗಂಧಕದ ಅನಿಲಗಳು ಹುಟ್ಟುತ್ತವೆ. ಒಂದಕ್ಕೆ ಕೊಳೆತ ಮೊಟ್ಟೆಯ ವಾಸನೆ, ಇನ್ನೊಂದಕ್ಕೆ ಕೊಳೆತ ಕೋಸಿನ ವಾಸನೆ. ಯಂತ್ರದೊಳಗಿನ ತೆಳುವಾದ ಲೋಹದ ಪಟ್ಟಿ ಅವೆರಡನ್ನೂ ಹಿಡಿದು ಅಳೆಯುತ್ತಿತ್ತು. ನಲವತ್ತು ಸಾವಿರ ಉಸಿರುಗಳಾದ ಮೇಲೆ ಯಂತ್ರದ ಅಂಕೆಯೂ ಭುವನೇಶ್ವರಿಯ ಅಂಕೆಯೂ ಒಂದೇ ಆಗತೊಡಗಿದವು. ಆ ದಿನ ಸಂಶೋಧನಾಲಯ ನಡೆಸುತ್ತಿದ್ದ ಕಂಪನಿಯವರು ಪೇಢೆ ಹಂಚಿದರು. ಮರುತಿಂಗಳು ಅವಳ ಕೆಲಸವನ್ನು ತಿಂಗಳಿಗೆರಡು ದಿನಕ್ಕೆ ಇಳಿಸಿದರು.

ಆಮೇಲೆ ಗಂಟಲುಜ್ವರದ ಆ ಎರಡು ವರ್ಷ ಬಂದವು. ಜ್ವರ ಉಸಿರಿನಿಂದ ಹರಡುತ್ತದೆ, ಬಾಯಿ ಶುದ್ಧವಿದ್ದವರಿಂದ ಕಡಿಮೆ ಹರಡುತ್ತದೆ ಎಂದು ಯಾರೋ ಹೇಳಿದರು. ಅದು ಪೂರ್ತಿ ನಿಜವಾಗಿರಲಿಲ್ಲ, ಆದರೂ ನಿಯಮವಾಯಿತು. ಶಾಲೆ, ಕಾಲೇಜು, ಕಚೇರಿ, ಬಸ್ ನಿಲ್ದಾಣ, ಕಲ್ಯಾಣ ಮಂಟಪ, ಎಲ್ಲದರ ಬಾಗಿಲಲ್ಲೂ ಆ ಯಂತ್ರವಿದ್ದ ಎದೆಮಟ್ಟದ ಒಂದು ಕಂಬ ನಿಂತಿತು. ಜನ ಅದನ್ನು ಉಸಿರುಗಂಬ ಎಂದು ಕರೆದರು. ಅದರ ಬಟ್ಟಲಿಗೆ ಬಾಯಿಟ್ಟು ಊದಿದರೆ ನಾಲ್ಕು ಸೆಕೆಂಡಿನಲ್ಲಿ ದೀಪ ಹತ್ತಿ, ಅದೇ ಬಣ್ಣದ ಚೀಟಿ ಹೊರಬರುತ್ತಿತ್ತು. ಹಸಿರಾದರೆ ಒಳಗೆ, ಹಳದಿಯಾದರೆ ಎಚ್ಚರಿಕೆ, ಕೆಂಪಾದರೆ ಮನೆಗೆ. ಜ್ವರ ಹೋಯಿತು. ಕಂಬಗಳು ಹೋಗಲಿಲ್ಲ.

*

ಊರು ಬದಲಾದದ್ದು ಭುವನೇಶ್ವರಿಗೆ ಮೊದಲು ತಿಳಿದದ್ದು ಗಂಡನ ಖಾನಾವಳಿಯಲ್ಲಿ.

ಫಕೀರೇಶ ಬೆಟಗೇರಿಯ ಕಡೆ ಇಪ್ಪತ್ತು ವರ್ಷದಿಂದ ರೊಟ್ಟಿ ಊಟದ ಖಾನಾವಳಿ ನಡೆಸುತ್ತಿದ್ದ. ಕಂಬ ಬಂದ ಮೂರೇ ತಿಂಗಳಲ್ಲಿ ಬಳ್ಳೊಳ್ಳಿ ಖಾರ ಕೇಳುವವರಿಲ್ಲದಾದರು. ಆಮೇಲೆ ಉಳ್ಳಾಗಡ್ಡಿ ಬೇಡವೆಂದರು. ಆಮೇಲೆ ಊಟದ ಹೊತ್ತಿನ ಗದ್ದಲವೇ ಇಲ್ಲದಾಯಿತು. ಜನ ಕೂತು, ತಲೆ ತಗ್ಗಿಸಿ ಉಂಡು, ಬಾಯಿಗೆ ಅಂಗೈ ಅಡ್ಡ ಹಿಡಿದು "ರೊಟ್ಟಿ" ಎಂದಷ್ಟೇ ಹೇಳುತ್ತಿದ್ದರು. ಬಸ್ಸಿನಲ್ಲಿ ಎಲ್ಲರೂ ಕಿಟಕಿಯ ಕಡೆ ಮುಖ ಮಾಡಿ ಕೂರತೊಡಗಿದರು. ಹೆಣ್ಣು ನೋಡಲು ಬಂದವರು ಜಾತಕದ ಜೊತೆ ಕಂಬದ ಚೀಟಿಗಳನ್ನು ಕೇಳಿದರು. ಮೂರು ಸಲ ಕೆಂಪಾದ ಹುಡುಗರ ಹೆಸರು ಶಾಲೆಯ ಹಲಗೆಯ ಮೇಲೆ ಬಂತು.

ಇಂಥದ್ದರಲ್ಲಿ ಹಸಿರು ಗುಳಿಗೆ ಬಂತು. ಯಾರು ಮಾಡುತ್ತಿದ್ದರೋ ಯಾರಿಗೂ ಗೊತ್ತಿರಲಿಲ್ಲ. ಪಾನ್ ಅಂಗಡಿಯಲ್ಲಿ, ಸ್ಟೇಷನರಿ ಅಂಗಡಿಯಲ್ಲಿ ಹೆಸರಿಲ್ಲದ ಸಣ್ಣ ಪಾಕೀಟಿನಲ್ಲಿ ಸಿಗುತ್ತಿತ್ತು. ಚೀಪಿ ನುಂಗಿದರೆ ಅರ್ಧ ದಿನ ಕಂಬ ಹಸಿರೇ. ಭುವನೇಶ್ವರಿ ಅದರ ಹೆಸರು ಕೇಳಿದ್ದಳು. ತನ್ನ ಮನೆಯಲ್ಲಿ ಅದು ಇಲ್ಲವೆಂದು ನಂಬಿದ್ದಳು.

ಮಗಳು ದಾನೇಶ್ವರಿ ಪಿಯುಸಿ ಎರಡನೇ ವರ್ಷದಲ್ಲಿದ್ದಳು. ಸಣ್ಣವಳಿದ್ದಾಗ ಅವಳ ಬಾಯಿ ನಿಲ್ಲುತ್ತಲೇ ಇರಲಿಲ್ಲ. ಖಾನಾವಳಿಗೆ ಬಂದವರ ಊರು, ಮನೆ, ದನಕರು ಎಲ್ಲ ವಿಚಾರಿಸುತ್ತಿದ್ದಳು. ಈಗ ಎರಡು ವರ್ಷದಿಂದ ಮಾತು ಕಡಿಮೆ. ಈ ವಯಸ್ಸಿನಲ್ಲಿ ಎಲ್ಲ ಹುಡುಗಿಯರೂ ಹೀಗೇ ಎಂದು ತಾಯಿ ಅಂದುಕೊಂಡಿದ್ದಳು.

ಜನವರಿ ತಿಂಗಳ ಒಂದು ಮುಂಜಾನೆ ದಾನೇಶ್ವರಿಯ ಚೂಡಿದಾರದ ಹಿಂದಿನ ಗುಂಡಿ ಸಿಕ್ಕಿಕೊಂಡಿತು. "ಅವ್ವಾ, ಸ್ವಲ್ಪ ಹಾಕು," ಎಂದು ಕರೆದಳು. ಭುವನೇಶ್ವರಿ ಗುಂಡಿ ಹಾಕಿದಳು. ಮಗಳು ತಿರುಗಿ, ಹೊರಡುವ ಅವಸರದಲ್ಲಿ, ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಮರೆತು, "ಆತಿಲ್ಲ?" ಎಂದು ಕೇಳಿದಳು.

ಆ ಮೂರು ಅಕ್ಷರದ ಜೊತೆ ಬಂದ ವಾಸನೆಗೆ ಭುವನೇಶ್ವರಿ ಮಗಳ ಮುಖವನ್ನೇ ನೋಡುತ್ತ ನಿಂತಳು.

ಅದು ಬಾಯಿಯ ವಾಸನೆಯಾಗಿರಲಿಲ್ಲ. ಮೊಟ್ಟೆಯದೂ ಅಲ್ಲ, ಕೋಸಿನದೂ ಅಲ್ಲ. ತುಸು ಸಿಹಿ, ತುಸು ಮುಗ್ಗಲು, ಮುಚ್ಚಿಟ್ಟ ಕೋಣೆಯಲ್ಲಿ ಸೇಬು ಮೆತ್ತಗಾಗಿ ಹೋದಂತೆ. ಹನ್ನೊಂದು ವರ್ಷದ ಕೆಲಸದಲ್ಲಿ ಅವಳು ಆ ವಾಸನೆಯನ್ನು ಏಳು ಜನರಲ್ಲಿ ಮಾತ್ರ ಕಂಡಿದ್ದಳು. ಹಳೆಯ ದಿನಗಳಲ್ಲಿ ಡಾ. ಅತ್ತಾರ ಅವಳನ್ನು ಜಿಲ್ಲೆಯ ಹೊರಗಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದೊಯ್ದಿದ್ದರು. ಅಲ್ಲಿ ಯಕೃತ್ತು ಕೆಟ್ಟ ಏಳು ಜನ ಸಾಲಾಗಿ ಮಲಗಿದ್ದರು. ಏಳೂ ಜನರ ಉಸಿರು ಇದೇ. ಅಂಕದ ಹಾಳೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲವಾದ್ದರಿಂದ ಅಂಚಿನಲ್ಲಿ "ಬೇರೆ ವಾಸನೆ" ಎಂದು ಬರೆದಿದ್ದಳು. ಆ ಏಳರಲ್ಲಿ ಐದು ಜನ ಆ ವರ್ಷವೇ ತೀರಿಹೋದರು.

"ಯಾಕವ್ವಾ, ಹಂಗ್ಯಾಕ ನೋಡಾಕತ್ತಿ?" ದಾನೇಶ್ವರಿಯ ಕೈ ಥಟ್ಟನೆ ಬಾಯಿಗೆ ಹೋಯಿತು. ಅವಳ ಕಣ್ಣಿನಲ್ಲಿ ಎದ್ದ ಗಾಬರಿ ನೋಡಿ ತಾಯಿಗೆ ಇನ್ನೊಂದು ಭಯ ಹುಟ್ಟಿತು. "ನಾರತೈತೇನು? ಅವ್ವಾ, ಖರೇ ಹೇಳು. ನನ್ನ ಬಾಯಿ ನಾರತೈತೇನು?"

"ಇಲ್ಲ ಇಲ್ಲ. ಏನೂ ಇಲ್ಲ. ಹೋಗ್ಬಾ."

ಮಗಳು ಹೋದ ಮೇಲೆ ಭುವನೇಶ್ವರಿ ಅಡುಗೆಮನೆಯಲ್ಲಿ ನಿಂತು ಒಂದೊಂದೇ ಡಬ್ಬಿ ತೆರೆದು ಮೂಸಿದಳು. ಜೀರಿಗೆ ಜೀರಿಗೆಯಂತೆಯೇ ಇತ್ತು. ಇಂಗು ಇಂಗಿನಂತೆ. ಮೂಗು ಕೆಟ್ಟಿಲ್ಲ. ಕೆಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

*

ಫಕೀರೇಶನಿಗೆ ಹೇಳಿದಾಗ ಅವನು ನಂಬಲಿಲ್ಲ.

"ದಿನಾ ಕಾಲೇಜಿನಾಗ ಊದಿ ಒಳಗ ಹೋಗ್ತಾಳ. ಎರಡು ವರ್ಷದಾಗ ಒಮ್ಮೆ ಕೆಂಪು ಬಂದಿಲ್ಲ. ನಿನ್ನ ಮೂಗು ನೋಡೇ ಆ ಕಂಬ ಕಲ್ತೈತಿ, ಅಲ್ಲೇನು? ಅದಕ್ಕ ಇಲ್ಲದ ವಾಸನಿ ನಿನಗೆಲ್ಲಿಂದ ಬಂತು?"

"ನಾ ಕಲಿಸಿದ್ದು ಬಾಯಿ ವಾಸನಿ. ಇದು ಬಾಯಿದಲ್ಲ, ಹೊಟ್ಟಿ ಒಳಗಿಂದು. ರಗತದಾಗ ಕೂಡಿ, ಪುಪ್ಪುಸದಿಂದ ಬರೂದು."

"ಭುವನಾ, ನೀ ಕೆಲಸ ಕಡಿಮಿ ಆದಾಗಿಂದ ಸುಮ್ಮನ ಚಿಂತಿ ಹಚ್ಚಿಕೊಂಡಿ." ಅವನು ಮೆತ್ತಗೇ ಹೇಳಿದ. ಆದರೆ ಸಂಜೆ ಮಗಳು ಊಟಕ್ಕೆ ಕೂತಾಗ ಅವಳ ಮುಖವನ್ನೇ ನೋಡುತ್ತಿದ್ದುದನ್ನು ಭುವನೇಶ್ವರಿ ಗಮನಿಸಿದಳು. ದಾನೇಶ್ವರಿ ಅರ್ಧ ರೊಟ್ಟಿ ಬಿಟ್ಟು ಎದ್ದಳು. ಕಣ್ಣಿನ ಬಿಳಿ ಭಾಗ ದೀಪದ ಬೆಳಕಿನಿಂದ ಹಳದಿಯೋ, ನಿಜವಾಗಿಯೇ ಹಳದಿಯೋ, ಇಬ್ಬರಿಗೂ ತಿಳಿಯಲಿಲ್ಲ.

ಓಣಿಯ ಡಾಕ್ಟರ ಹತ್ತಿರ ಸುಸ್ತಿನ ನೆಪ ಹೇಳಿ ಕರೆದುಕೊಂಡು ಹೋದದ್ದಾಯಿತು. ಅವರ ದವಾಖಾನೆಯ ಬಾಗಿಲಲ್ಲೂ ಕಂಬವಿತ್ತು. ಹಸಿರು ಬಂತು. "ಪರೀಕ್ಷಾ ಹತ್ತಿರ ಬಂದಾವಲ್ಲ, ನಿದ್ದಿ ಕಡಿಮಿ ಆಗೇತಿ," ಎಂದು ಅವರು ಟಾನಿಕ್ ಬರೆದುಕೊಟ್ಟರು. ರಕ್ತ ಪರೀಕ್ಷೆ ಮಾಡಿಸೋಣವೇ ಎಂದು ಭುವನೇಶ್ವರಿ ಕೇಳಿದಾಗ, "ಉಸಿರು ಇಷ್ಟು ಸ್ವಚ್ಛ ಐತಿ, ಯಾಕ್ರಿ ಸುಮ್ಮನ ಚುಚ್ಚೂದು?" ಎಂದರು.

ಅದಾದ ಎರಡನೆಯ ದಿನ ಬಸ್ಸಿನಲ್ಲಿ ಕಂಡಕ್ಟರ್ ಬಗ್ಗಿ "ಎಲ್ಲಿಗ್ರಿ?" ಎಂದಾಗ ಮತ್ತೆ ಅದೇ ವಾಸನೆ. ಭುವನೇಶ್ವರಿ ಟಿಕೆಟ್ ತೆಗೆದುಕೊಳ್ಳುವುದನ್ನು ಮರೆತು ಅವನ ಮುಖವನ್ನೇ ನೋಡಿದಳು. ಮೂವತ್ತು ವಯಸ್ಸಿನ ಗಟ್ಟಿಮುಟ್ಟಾದ ಆಳು. ಬಸ್ಸು ಹತ್ತುವ ಮೊದಲು ಅವನೂ ದಿನಕ್ಕೆ ಮೂರು ಸಲ ಊದಬೇಕು. ಇಳಿದು ಮಗಳ ಕಾಲೇಜಿನ ಬಾಗಿಲಿಗೆ ಹೋಗಿ ನಿಂತಳು. ಹುಡುಗಿಯರು ಸಾಲಾಗಿ ಬಂದು, ಬಟ್ಟಲಿಗೆ ಬಾಯಿಟ್ಟು, ಊದಿ, ಒಳಗೆ ಹೋಗುತ್ತಿದ್ದರು. ಹಸಿರು, ಹಸಿರು, ಹಸಿರು. ಕಂಬದಿಂದ ಎರಡು ಮಾರು ದೂರದಲ್ಲಿ ನಿಂತವಳ ಮೂಗಿಗೆ ಗಾಳಿ ಬೀಸಿದಾಗೊಮ್ಮೆ ಅದು ಬಂತು. ಯಾರದೆಂದು ಹೇಳುವಂತಿರಲಿಲ್ಲ. ಒಬ್ಬರದಂತೂ ಅಲ್ಲ.

ಅವಳಿಗೆ ಓಡಿಹೋಗಬೇಕೆನಿಸಿತು. ಎಲ್ಲರಿಗೂ ಹಸಿರು ಕಾಣುವ ಕಡೆ ತನಗೊಬ್ಬಳಿಗೆ ಸಾವಿನ ವಾಸನೆ ಬರುತ್ತಿದೆ ಎಂದರೆ ಯಾರು ಕೇಳುತ್ತಾರೆ? ಹುಚ್ಚಿಯೆಂದು ತೀರ್ಮಾನಿಸುತ್ತಾರೆ. ಬಹುಶಃ ಹುಚ್ಚಿಯೇ ಇರಬಹುದು. ಅವಳು ಕಾಲೇಜಿನ ಕಾಂಪೌಂಡಿಗೆ ಒರಗಿ, ಸೆರಗಿನಿಂದ ಮೂಗು ಮುಚ್ಚಿಕೊಂಡು, ಹುಡುಗಿಯರ ಸಾಲು ಮುಗಿಯುವವರೆಗೆ ನಿಂತಳು. ಆಮೇಲೆ ಸಂಶೋಧನಾಲಯದ ಬಸ್ಸು ಹಿಡಿದಳು.

*

ಡಾ. ಅತ್ತಾರ ಪೂರ್ತಿ ಕೇಳಿದರು. ಆಮೇಲೆ ಕಪಾಟಿನಿಂದ ಹನ್ನೆರಡು ಸಣ್ಣ ಸೀಸೆಗಳನ್ನು ತಂದರು.

"ಮೊದಲ ನಿಮ್ಮ ಮೂಗು ನೋಡೂಣು. ಸಿಟ್ಟಾಗಬ್ಯಾಡ್ರಿ."

"ನೋಡ್ರಿ ಮೇಡಮ್ಮಾರ. ತಪ್ಪಾದ್ರ ಮನಿಗೆ ಹೋಗಿ ಪೇಢೆ ಹಂಚ್ತೀನಿ."

ಅವಳು ಹನ್ನೆರಡನ್ನೂ ಸರಿಯಾಗಿ ಹೇಳಿದಳು. ಒಂಬತ್ತನೆಯ ಸೀಸೆಯ ಬಿರಡೆ ತೆಗೆದವಳೇ ಮುಚ್ಚಿಬಿಟ್ಟಿದ್ದಳು. "ಇದೇ. ನನ್ನ ಮಗಳು."

ಡಾಕ್ಟರ ಮುಖ ಇಳಿಯಿತು. "ಇದು ಮೂರನೆಯ ಅನಿಲ," ಎಂದರು. ಬಾಯಲ್ಲಿ ಹುಟ್ಟುವ ಎರಡು ಅನಿಲಗಳಿಗೆ ಲೋಹವನ್ನು ಹಿಡಿದುಕೊಳ್ಳುವ ಒಂದು ಕೊಕ್ಕೆಯಿರುತ್ತದೆ, ಅದರಿಂದಲೇ ಕಂಬದ ಪಟ್ಟಿ ಅವನ್ನು ಹಿಡಿಯುವುದು. ಮೂರನೆಯದಕ್ಕೆ ಆ ಕೊಕ್ಕೆಯಿಲ್ಲ. ರಕ್ತದಿಂದ ಬರುವ ಅದನ್ನು ಹಿಡಿಯಬೇಕಾದರೆ ಉಸಿರನ್ನು ಉದ್ದನೆಯ ಸಪೂರ ಕೊಳವೆಯೊಳಗೆ ಹಾಯಿಸಿ, ಒಂದೊಂದೇ ಅನಿಲವನ್ನು ಬೇರ್ಪಡಿಸಬೇಕು. ಒಬ್ಬರಿಗೆ ಎಂಟು ನಿಮಿಷ ಹಿಡಿಯುತ್ತದೆ. "ಮೊದಲಿನ ನಕ್ಷೆಯೊಳಗ ನಾ ಅದನ್ನೂ ಇಟ್ಟಿದ್ದೆ. ಎಂಟು ನಿಮಿಷ ಯಾರು ನಿಲ್ತಾರ ಅಂತ ಕಂಪನಿಯವರು ತೆಗಿ ಅಂದ್ರು. ಲಕ್ಷಕ್ಕೊಬ್ಬರಿಗೆ ಬರೂ ಜಡ್ಡು, ಅದಕ್ಯಾಕ ಅಂದ್ರು. ನಾನೂ ಹೂಂ ಅಂದೆ, ಭುವನಕ್ಕ."

ಹಳೆಯ ಯಂತ್ರ ಇನ್ನೂ ಮೂಲೆಯಲ್ಲಿ ಹೊದಿಕೆ ಹೊದ್ದು ನಿಂತಿತ್ತು. ಡಾಕ್ಟರು ಒಂದು ಪ್ಲಾಸ್ಟಿಕ್ ಸಿರಿಂಜನ್ನು ಕೊಟ್ಟರು. ಸೂಜಿಯಿಲ್ಲದ್ದು. ತುಟಿಗಳ ನಡುವೆ ಇಟ್ಟು, ಮೆಲ್ಲಗೆ ಹಿಂದಕ್ಕೆಳೆದರೆ ಸಾಕು, ಉಸಿರು ಅದರೊಳಗೆ ಬರುತ್ತದೆ.

"ಅಕಿಗೆ ಹೇಳಿ ತಗೊಳ್ರಿ," ಎಂದರು.

"ಹ್ಯಾಂಗ ಹೇಳ್ಲಿ ಮೇಡಮ್ಮಾರ? ನಿನ್ನ ಬಾಯಿ ವಾಸನಿ ನೋಡಬೇಕು ಅಂದ್ರ ಅಕಿ ಸತ್ತೇ ಹೋಗ್ತಾಳ."

*

ಭಾನುವಾರ ಮಧ್ಯಾಹ್ನ ದಾನೇಶ್ವರಿ ಪುಸ್ತಕ ಎದೆಯ ಮೇಲಿಟ್ಟುಕೊಂಡೇ ನಿದ್ದೆ ಹೋಗಿದ್ದಳು. ಈಚೆಗೆ ಹಗಲಿನಲ್ಲೂ ಹೀಗೆ ಮಲಗುತ್ತಿದ್ದಳು. ತುಟಿ ತುಸು ತೆರೆದಿತ್ತು. ಭುವನೇಶ್ವರಿ ಹಾಸಿಗೆಯ ಪಕ್ಕ ಮೊಣಕಾಲೂರಿ ಕೂತು ಸಿರಿಂಜಿನ ತುದಿಯನ್ನು ಅಲ್ಲಿಟ್ಟಳು. ಮಗಳ ಉಸಿರು ಅವಳ ಬೆರಳಿಗೆ ತಾಗಿತು. ಅರ್ಧ ಎಳೆದಿದ್ದಳು, ಅಷ್ಟರಲ್ಲಿ ದಾನೇಶ್ವರಿ ಕಣ್ಣು ಬಿಟ್ಟಳು.

ಅವಳು ಕಿರುಚಲಿಲ್ಲ. ಸಿರಿಂಜನ್ನು ನೋಡಿದಳು, ತಾಯಿಯನ್ನು ನೋಡಿದಳು, ಗೋಡೆಯವರೆಗೆ ಸರಿದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಗೊತ್ತಿತ್ತು ನನಗ," ಎಂದಳು ಕೈಯೊಳಗಿಂದಲೇ. "ನೀ ಮೂಸೂ ಕೆಲಸದಾಕಿ. ನಿನಗ ಗೊತ್ತಾಗೇ ಆಗ್ತದ ಅಂತ ಗೊತ್ತಿತ್ತು. ಅದಕ್ಕ ನಿನ್ನ ಹತ್ರ ಬರೂದು ಬಿಟ್ಟಿದ್ದೆ."

"ದಾನವ್ವಾ, ನಿನ್ನ ಬಾಯಿ ನಾರಂಗಿಲ್ಲ. ನನ್ನ ಆಣಿ. ಇದು ಬ್ಯಾರೆ."

"ಹತ್ತನೇ ಕ್ಲಾಸಿನಾಗ ಇದ್ದಾಗ ಒಮ್ಮೆ ಹಳದಿ ಬಂದಿತ್ತು ಅವ್ವಾ. ಕೆಂಪೂ ಅಲ್ಲ, ಹಳದಿ. ಹಿಂದ ನಿಂತ ಹುಡುಗ್ಯಾರು ಎರಡು ಹೆಜ್ಜಿ ಹಿಂದ ಸರದ್ರು. ಅವತ್ತಿಂದ..."

"ಅವತ್ತಿಂದ ಏನು?"

ದಾನೇಶ್ವರಿ ಕಾಲೇಜಿನ ಚೀಲವನ್ನು ತಾಯಿಯ ಕಡೆ ದೂಡಿದಳು. ಒಳಗೆ, ಕಂಪಾಸು ಪೆಟ್ಟಿಗೆಯಲ್ಲಿ, ಪುದೀನ ಬಣ್ಣದ ಗುಳಿಗೆಗಳಿದ್ದವು. ದಿನಕ್ಕೆ ಎಷ್ಟು ಎಂದು ತಾಯಿ ಕೇಳಿದಳು. ಮೊದಲು ಒಂದು, ಆಮೇಲೆ ಎರಡು, ಪರೀಕ್ಷೆಯ ದಿನಗಳಲ್ಲಿ ಐದಾರು. ನಾಲಿಗೆ ಚಾಚು ಎಂದಾಗ ಚಾಚಿದಳು. ನಾಲಿಗೆಯ ಹಿಂಭಾಗ ಹಳೆಯ ತಾಮ್ರದ ತಂಬಿಗೆಯ ತಳದಂತೆ ತೆಳು ಹಸಿರಾಗಿತ್ತು.

ಭುವನೇಶ್ವರಿ ಪೆಟ್ಟಿಗೆಯನ್ನು ಮುಚ್ಚಿಟ್ಟಳು. ಮಗಳ ಮುಖದ ಹತ್ತಿರ ಮುಖ ತಂದಳು. ದಾನೇಶ್ವರಿ ಉಸಿರು ಬಿಗಿಹಿಡಿದಳು.

"ಬಿಡು," ಎಂದಳು ತಾಯಿ. "ಉಸಿರು ಬಿಡು. ನಾ ಎಲ್ಲೂ ಸರಿಯಂಗಿಲ್ಲ."

*

ಸೋಮವಾರ ಹನ್ನೊಂದು ಗಂಟೆಗೆ ಸಂಶೋಧನಾಲಯದ ಹಳೆಯ ಯಂತ್ರದ ಕಾಗದದ ಮೇಲೆ ದಾನೇಶ್ವರಿಯ ಉಸಿರಿನ ಗೆರೆ ಓಡತೊಡಗಿತು. ಮೊದಲ ಅನಿಲದ ಜಾಗದಲ್ಲಿ ಗೆರೆ ಚಪ್ಪಟೆಯಾಗಿತ್ತು. ಎರಡನೆಯದೂ ಚಪ್ಪಟೆ. ಫಕೀರೇಶ ಹೆಂಡತಿಯ ಹಿಂದೆ ನಿಂತು, "ಏನೂ ಇಲ್ಲಲ್ಲ, ಏನೂ ಇಲ್ಲಲ್ಲ," ಎಂದು ತನಗೇ ಹೇಳಿಕೊಳ್ಳುತ್ತಿದ್ದ. ಏಳನೆಯ ನಿಮಿಷಕ್ಕೆ ಗೆರೆ ಎದ್ದಿತು. ಕಾಗದದ ಮೇಲಂಚನ್ನು ಮುಟ್ಟಿ ಇಳಿಯಿತು.

ಗುಳಿಗೆಯನ್ನು ಕರಗಿಸಿ ನೋಡಿದಾಗ ಸಿಕ್ಕಿದ್ದು ತಾಮ್ರದ ಲವಣ. ತಾಮ್ರ ಬಾಯಿಯ ಗಂಧಕವನ್ನು ಗಟ್ಟಿಯಾಗಿ ಹಿಡಿದಿಡುತ್ತದೆ. ಹಿಡಿದಿಟ್ಟ ಅನಿಲ ಉಸಿರಿನಲ್ಲಿ ಬರುವುದಿಲ್ಲ, ಕಂಬಕ್ಕೆ ಕಾಣುವುದಿಲ್ಲ. ನುಂಗಿದ ತಾಮ್ರ ಮಾತ್ರ ದಿನದಿನವೂ ಯಕೃತ್ತಿನಲ್ಲಿ ಕೂಡುತ್ತಾ ಹೋಗುತ್ತದೆ. ಯಕೃತ್ತು ಸೋತ ಮೇಲೆ ಮೂರನೆಯ ಅನಿಲ ರಕ್ತಕ್ಕೆ ಬರುತ್ತದೆ. ಅದೂ ಕಂಬಕ್ಕೆ ಕಾಣುವುದಿಲ್ಲ.

"ಹಂಗಾದ್ರ ಇದನ್ನ ತಿಂದವರೆಲ್ಲಾ..." ಎಂದ ಫಕೀರೇಶ.

"ಹಸಿರು ದೀಪ ನೋಡ್ಕೋತ ಕುಂತಿರ್ತಾರ," ಎಂದರು ಡಾ. ಅತ್ತಾರ.

ದಾನೇಶ್ವರಿಯನ್ನು ಅವತ್ತೇ ಹುಬ್ಬಳ್ಳಿಗೆ ಕರೆದೊಯ್ದು ಸೇರಿಸಿದರು. ಮೈಯೊಳಗಿನ ತಾಮ್ರವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಔಷಧಿ ಇದೆಯಂತೆ. ಇನ್ನೊಂದು ತಿಂಗಳು ತಡವಾಗಿದ್ದರೆ ಅದೂ ಉಪಯೋಗಕ್ಕೆ ಬರುತ್ತಿರಲಿಲ್ಲ ಎಂದರು. ಒಂಬತ್ತು ದಿನ ಅವಳು ಅರೆನಿದ್ದೆಯಲ್ಲೇ ಇದ್ದಳು. ಕೆಲವೊಮ್ಮೆ ತಾಯಿಯ ಗುರುತು ಹಿಡಿಯಲಿಲ್ಲ. ಕೈ ಚಾಚಿದರೆ ಹಕ್ಕಿಯ ರೆಕ್ಕೆಯಂತೆ ಅದುರುತ್ತಿತ್ತು. ಆ ಒಂಬತ್ತೂ ದಿನ ಭುವನೇಶ್ವರಿ ಗಂಟೆಗೊಮ್ಮೆ ಮಗಳ ಬಾಯಿಯ ಹತ್ತಿರ ಬಗ್ಗಿ ಮೂಸಿದಳು. ನಾಲ್ಕು. ನಾಲ್ಕು. ನಾಲ್ಕು. ದಾದಿಯರು ಅವಳನ್ನು ವಿಚಿತ್ರವಾಗಿ ನೋಡುತ್ತಿದ್ದರು. ಹತ್ತನೆಯ ದಿನ ಮೂರಕ್ಕಿಳಿಯಿತು. ಅವಳು ಗಂಡನಿಗೆ ಹೇಳಲಿಲ್ಲ. ಹೇಳಿದರೆ ಮತ್ತೆ ಏರೀತೆಂದು ಹೆದರಿದಳು. ಹನ್ನೆರಡನೆಯ ದಿನವೂ ಮೂರೇ ಇದ್ದಾಗ ಹೇಳಿದಳು. ಫಕೀರೇಶ ವಾರ್ಡಿನ ಹೊರಗೆ ಹೋಗಿ, ಗೋಡೆಗೆ ಹಣೆಯಿಟ್ಟು ಅತ್ತ.

*

ಅಷ್ಟರಲ್ಲಿ ಡಾ. ಅತ್ತಾರ ಕಂಪನಿಯನ್ನು ಬಿಟ್ಟು ಎಲ್ಲವನ್ನೂ ಬಹಿರಂಗ ಮಾಡಿದ್ದರು. ಗುಳಿಗೆ ನಿಷೇಧವಾಯಿತು. ಆದರೆ ನಿಷೇಧದಿಂದ ಹೊಟ್ಟೆಯೊಳಗಿನ ತಾಮ್ರ ಕರಗುವುದಿಲ್ಲವಲ್ಲ. ಗದಗ ಬೆಟಗೇರಿಯಲ್ಲೇ ಎಷ್ಟು ಸಾವಿರ ಜನ ತಿಂದಿದ್ದರೋ ಲೆಕ್ಕವಿರಲಿಲ್ಲ. ಯಾರೂ ಒಪ್ಪಿಕೊಳ್ಳುತ್ತಲೂ ಇರಲಿಲ್ಲ. ಗುಳಿಗೆ ತಿಂದೆ ಎಂದರೆ ಬಾಯಿ ನಾರುತ್ತಿತ್ತು ಎಂದು ಒಪ್ಪಿಕೊಂಡಂತೆ. ಮೊದಲ ವಾರದಲ್ಲೇ ಮೂರು ಜನ ಸತ್ತರು. ಒಬ್ಬ ಆ ಕಂಡಕ್ಟರ್. ಸಾಯುವ ದಿನದವರೆಗೂ ಅವನ ಚೀಟಿಗಳೆಲ್ಲ ಹಸಿರು.

ಎಲ್ಲರ ರಕ್ತ ಪರೀಕ್ಷೆಗೆ ಸಾಲುವಷ್ಟು ಸಾಮಾನು ಜಿಲ್ಲೆಯಲ್ಲಿರಲಿಲ್ಲ. ಹಳೆಯ ಯಂತ್ರ ಒಂದೇ, ಒಬ್ಬರಿಗೆ ಎಂಟು ನಿಮಿಷ. ಯಾರನ್ನು ಮೊದಲು ಕಳಿಸಬೇಕೆಂದು ಆರಿಸಲು ಉಳಿದದ್ದು ಒಂದು ಮೂಗು.

ಮಗಳನ್ನು ಮನೆಗೆ ಕರೆತಂದ ಮರುದಿನ ಭುವನೇಶ್ವರಿ ಖಾನಾವಳಿಯ ಒಳಕೋಣೆಯಲ್ಲಿ ಕುರ್ಚಿ ಹಾಕಿ ಕೂತಳು. ಜನ ಬಂದರು. ಮುಖ ಮುಚ್ಚಿಕೊಂಡು ಬಂದರು, ಹಿಂಬಾಗಿಲಿನಿಂದ ಬಂದರು. ಹದಿನೈದು ಜನರವರೆಗೆ ಮೂಗು ಚೆನ್ನಾಗಿ ಹೇಳಿತು. ಇಪ್ಪತ್ತಕ್ಕೆ ಮಂಕಾಯಿತು. ಇಪ್ಪತ್ತಮೂರನೆಯವಳು ಏಳು ವರ್ಷದ ಒಂದು ಹುಡುಗಿ. ಭುವನೇಶ್ವರಿ ಮೂರು ಸಲ ಮೂಸಿದಳು. ಇದೆ ಅನ್ನಿಸಿತು, ಇಲ್ಲ ಅನ್ನಿಸಿತು. ಹುಡುಗಿಯ ತಾಯಿ ಕೈಮುಗಿದುಕೊಂಡು ನಿಂತಿದ್ದಳು. ಭುವನೇಶ್ವರಿ ನಾಲ್ಕನೆಯ ಸಲ ಬಗ್ಗಿದಳು. ತನ್ನ ಒಂದು ಅಂಕೆ ತಪ್ಪಿದರೆ ಈ ಮಗು ಹೋಗುತ್ತದೆ.

"ನನಗ ಗೊತ್ತಾಗವಲ್ದು," ಎಂದಳು ಕೊನೆಗೆ. "ಕಳಸೇಬಿಡ್ರಿ, ಪರೀಕ್ಷಾಕ್ಕ ಕಳಸ್ರಿ." ಆಮೇಲೆ ಉಳಿದವರಿಗೆ ಮರುದಿನ ಬರಲು ಹೇಳಿ ಬಾಗಿಲು ಹಾಕಿದಳು. ಆ ಮಗುವಿನ ರಕ್ತದಲ್ಲಿ ತಾಮ್ರವಿತ್ತೆಂದು ಮೂರು ದಿನದ ಮೇಲೆ ತಿಳಿಯಿತು. ಅಕ್ಕನ ಚೀಲದಿಂದ ಪೆಪ್ಪರಮಿಂಟೆಂದು ತೆಗೆದು ತಿಂದಿತ್ತಂತೆ.

"ಒಂದು ಮೂಗಿನಿಂದ ಆಗೂದಲ್ಲ ಮೇಡಮ್ಮಾರ," ಎಂದು ಅವಳು ಡಾ. ಅತ್ತಾರರಿಗೆ ಫೋನಿನಲ್ಲಿ ಹೇಳಿದಳು. "ಓಣಿಗಿಬ್ಬರು ಬೇಕು. ನಾ ಕಲಿಸ್ತೀನಿ."

ಮುಂದಿನ ಮಂಗಳವಾರ ಮುಂಜಾನೆ ಖಾನಾವಳಿಯಲ್ಲಿ ನಲವತ್ತು ಹೆಂಗಸರು ಸೇರಿದರು. ಹೂ ಮುಡಿಯದೆ, ಚಹಾ ಕುಡಿಯದೆ ಬರಬೇಕೆಂದು ಹೇಳಿತ್ತು. ಬಂದವರು ಒಬ್ಬರಿಂದೊಬ್ಬರು ದೂರ ಕೂತರು. ನಾಲ್ಕು ವರ್ಷದಿಂದ ಅವರಲ್ಲಿ ಯಾರೂ ಇನ್ನೊಬ್ಬರ ಮುಖದ ಸಮೀಪ ಮುಖ ತಂದಿರಲಿಲ್ಲ. ಭುವನೇಶ್ವರಿ ಸೀಸೆಗಳನ್ನು ಮೂಸಲು ಕೊಟ್ಟಳು. ಎಲ್ಲರೂ ಮೂಸಿದರು, ತಲೆಯಾಡಿಸಿದರು. ಆದರೆ ಸೀಸೆಯ ವಾಸನೆ ಬೇರೆ, ಮನುಷ್ಯರ ಬೆಚ್ಚಗಿನ ಉಸಿರಿನಲ್ಲಿ ಬೆರೆತ ವಾಸನೆ ಬೇರೆ. ಅದನ್ನು ಹೇಗೆ ಕಲಿಸುವುದೆಂದು ಅವಳಿಗೆ ತೋಚಲಿಲ್ಲ.

ಆಗ ಅಡುಗೆಮನೆಯ ಬಾಗಿಲಿನಿಂದ ದಾನೇಶ್ವರಿ ಬಂದಳು. ಮೈ ಕಡ್ಡಿಯಾಗಿತ್ತು. ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಳು.

"ನನ್ನ ಉಸಿರಿನಾಗ ಇನ್ನೂ ಐತಿ," ಎಂದಳು. "ಅವ್ವ ಎರಡು ಅಂತಾಳ. ನಂದು ನೋಡಿ ಕಲೀರಿ."

"ಬ್ಯಾಡ ದಾನವ್ವಾ," ಎಂದಳು ಭುವನೇಶ್ವರಿ. ನಲವತ್ತು ಜನರ ಎದುರಿಗೆ ಮಗಳು ಕುಸಿದುಹೋದಾಳೆಂದು ಅವಳಿಗೆ ಭಯವಾಯಿತು.

ದಾನೇಶ್ವರಿ ಬೆಂಚಿನ ಮೇಲೆ ಕೂತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಳು. ಬಾಯಿಗೆ ಹೋಗದಿರಲೆಂದು. ಆಮೇಲೆ ಬಾಯಿ ತೆರೆದಳು.

ಯಾರೂ ಏಳಲಿಲ್ಲ. ಕೊನೆಗೆ ಎದುರು ಮನೆಯ ಶಿವಗಂಗವ್ವ ಎದ್ದಳು. ಅವಳ ಗಂಡ ಬಸ್ಸಿನ ಡ್ರೈವರ್. ಅವಳು ಬೆಂಚಿನ ಹತ್ತಿರ ಬಂದು, ತನ್ನ ಬಾಯಿಗೆ ಹಿಡಿದಿದ್ದ ಸೆರಗನ್ನು ಇಳಿಸಿ, ಬಗ್ಗಿ, ಕಣ್ಣು ಮುಚ್ಚಿ ಮೂಸಿದಳು. ಮತ್ತೊಮ್ಮೆ ಮೂಸಿದಳು. ಎಲ್ಲರೂ ಅವಳು ಅಂಕೆ ಹೇಳುವುದನ್ನು ಕಾಯುತ್ತಿದ್ದರು.

ಶಿವಗಂಗವ್ವ ಅಂಕೆ ಹೇಳಲಿಲ್ಲ. ಕಣ್ಣು ಬಿಟ್ಟು ಭುವನೇಶ್ವರಿಯ ಕಡೆ ನೋಡಿದಳು.

"ಭುವನಕ್ಕಾ," ಎಂದಳು. "ಇದು ನಮ್ಮನಿಯವರ ತಲಿದಿಂಬಿನ ವಾಸನಿ. ನಾ ಎರಡು ಸಲ ಸೋಡಾ ಹಾಕಿ ಒಗದೆ. ಹೋಗಲಿಲ್ಲ."

ಅವಳು ಚಪ್ಪಲಿ ಹಾಕಿಕೊಳ್ಳಲಿಲ್ಲ. ಬರಿಗಾಲಿನಲ್ಲೇ ಬೀದಿಗಿಳಿದು ಡಿಪೋದ ಕಡೆ ಓಡಿದಳು. ಫಕೀರೇಶ ಸ್ಕೂಟರಿನ ಕೀಲಿ ಹುಡುಕಿ ಅವಳ ಹಿಂದೆ ಹೊರಟ. ಒಳಗೆ ಕೂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯ ಹಾಸಿಗೆ, ದಿಂಬು, ಮಕ್ಕಳ ಬಾಯಿ ನೆನಪು ಮಾಡಿಕೊಳ್ಳುತ್ತಿದ್ದಾರೆಂದು ಭುವನೇಶ್ವರಿಗೆ ಗೊತ್ತಾಯಿತು.

ಬೆಂಚಿನ ಮೇಲೆ ದಾನೇಶ್ವರಿ ಬಾಯಿ ತೆರೆದುಕೊಂಡೇ ಕೂತಿದ್ದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಆದರೆ ಕೈ ತೊಡೆಯ ಕೆಳಗೇ ಇತ್ತು. ಮುಂದಿನ ಹೆಂಗಸು ಸೆರಗು ಇಳಿಸಿ ಎದ್ದು ನಿಂತಳು.